ಜಿಬೂತಿಯಲ್ಲಿ ಉಣ್ಣೆ

ಜೂನ್ ಮೊದಲ ವಾರ. ವಾರ್ಡೋ ದಕ್ಕೆಯ ಗೋಡೆಯ ನೆರಳಲ್ಲಿ
ಇನ್ನೂ ಒಂದು ಹಿಡಿ ಮಾಸಲು ಹಿಮ.
ಪುಟ್ಟ ವಿಮಾನ, ಹದಿಮೂರು ಜನ,
ಒಂಬತ್ತು ಮಂದಿ ನನಗೆ ಗೊತ್ತು.
"ಎಲ್ಲಿಗೆ ಗುನ್ವೋರ್?" ಅಂಚೆಕಚೇರಿಯ ಬೋರ್ಗಿಲ್ ಕೇಳಿದಳು.
"ಕದ್ರಾಳ ಮನೆಗೆ" ಎಂದೆ,
ಒಂದು ಬಟ್ಟಲು ಸಕ್ಕರೆ ಕಡ ಕೇಳಲು ಹೊರಟವಳ ಹಾಗೆ.

ಓಸ್ಲೋ. ಇಸ್ತಾಂಬುಲ್.
ಕಾಲು ಊದಿಕೊಂಡು ಬೂಟಿನ ಲಾಡಿ ಬಿಚ್ಚಿದೆ.
ಪಕ್ಕದ ಸೀಟಿನ ಹುಡುಗ ನನ್ನ ಹೆಗಲಿಗೊರಗಿ ನಿದ್ದೆಹೋದ,
ಐಸಿನ ಮೇಲಿಟ್ಟ ಮೀನಿನಂತೆ ಬಾಯಿ ತೆರೆದು.
ಎಬ್ಬಿಸಲಿಲ್ಲ.
ಕಿಟಕಿಯಾಚೆ ಕತ್ತಲು, ನಿಜವಾದ ಕತ್ತಲು.
ನಮ್ಮೂರಲ್ಲಿ ಇರುಳು ರಜೆ ಹಾಕಿ ಮೂರು ವಾರವಾಗಿತ್ತು.
ಜೀವಮಾನವಿಡೀ ಬಯ್ದ ಕತ್ತಲು ಅದು;
ಆಕಾಶದಲ್ಲಿ ಕಂಡರೆ
ತವರಿನವರನ್ನು ಕಂಡಷ್ಟು ಹಿಗ್ಗು.

ಹನ್ನೊಂದು ಚಳಿಗಾಲ
ಮೀನಿನ ಕಾರ್ಖಾನೆಯ ಒಂದೇ ಮೇಜಿಗೆ ನಾವಿಬ್ಬರು.
ಅವಳು ತಲೆ ತೆಗೆಯುವಳು, ನಾನು ಬೆನ್ನೆಲುಬು.
ಯಂತ್ರದ ಸದ್ದಿಗೆ ಮಾತು ನಿಲುಕುತ್ತಿರಲಿಲ್ಲ,
ಹುಬ್ಬಿನಲ್ಲೇ ಅರ್ಧ ಸಂಸಾರದ ಕಥೆ ಮುಗಿಯುತ್ತಿತ್ತು.
ಅವಳ ಮೊದಲ ನವೆಂಬರಿನಲ್ಲಿ
ಮುಳುಗಿದ ಸೂರ್ಯ ಮರುದಿನ ಬಾರದೆ ಹೋದಾಗ
ಚಾಕು ಕೆಳಗಿಟ್ಟು ಕೇಳಿದ್ದಳು:
"ಯಾರಿಗೆ ದೂರು ಕೊಡಬೇಕು?"
"ತಾಳು" ಎಂದಿದ್ದೆ. "ಜನವರಿ ಇಪ್ಪತ್ತರ ಹೊತ್ತಿಗೆ ಬರ್ತದೆ."
ಆ ವಾರವೇ ಅವಳಿಗೊಂದು ಜೊತೆ ಕೈಗವಸು ಹೆಣೆದೆ.
ಕೆಂಪು. ಹಿಂಗೈ ಮೇಲೆ ಎಂಟೆಸಳಿನ ನಕ್ಷತ್ರ.

ವಿಮಾನದ ಬಾಗಿಲು ತೆರೆದದ್ದೇ ತಡ
ಯಾರೋ ನನ್ನ ಮುಖವನ್ನು ಒಲೆಯೊಳಗೆ ತುರುಕಿದರು.
ಇಂಜಿನ್ನಿನ ಬಿಸಿ, ಎಂದುಕೊಂಡು ಮೆಟ್ಟಿಲಿಳಿದೆ,
ನಾಲ್ಕು ಹೆಜ್ಜೆ ಆಚೆ ಹೋದರೆ ಸರಿಹೋದೀತು.
ಇಂಜಿನ್ನು ಹಿಂದೆ ಉಳಿಯಿತು.
ಬಿಸಿ ಜೊತೆಗೇ ಬಂತು.
ಒಣಮೀನಿನ ವಾಸನೆಗೆ ಕಸ್ಟಮ್ಸಿನವನು ಮೂಗು ಮುಚ್ಚಿ
ನನ್ನ ಪೆಟ್ಟಿಗೆಯನ್ನೂ ಮುಚ್ಚಿದ. ಹೊರಗೆ
ಕದ್ರಾ. ದಪ್ಪಗಾಗಿದ್ದಾಳೆ, ಕೂದಲಿಗೆ ಮದರಂಗಿ.
ಇಡೀ ನಿಲ್ದಾಣ ತಿರುಗಿ ನೋಡುವಂತೆ
ನಮ್ಮ ಉತ್ತರದ ಬೆಸ್ತರ ಬೈಗುಳವನ್ನೇ ಕೂಗಿ ಅಪ್ಪಿಕೊಂಡಳು.
ನಾನೇ ಕಲಿಸಿದ್ದು. ಉಚ್ಚಾರ ಸ್ವಲ್ಪವೂ ಕೆಟ್ಟಿಲ್ಲ.

ಬಲ್ಬಲಾದಲ್ಲಿ ಮನೆ: ತಗಡು, ನೀಲಿ ಬಣ್ಣ,
ಬೆರಳು ತಾಗಿದರೆ ಬೊಬ್ಬೆ.
ಒಂದು ಗಂಟೆಗೆ ಖಾತ್ ಸೊಪ್ಪು ಬಂತೆಂದು ಕೇರಿಗೆ ಕೇರಿಯೇ ಎದ್ದಿತು,
ಮತ್ತೆ ಬಾಗಿಲು ಹಾಕಿಕೊಂಡಿತು.
ಖಂಸೀನ್ ಗಾಳಿ ಮರಳನ್ನು ಜರಡಿ ಹಿಡಿಯುತ್ತಿತ್ತು.
ಚಾಪೆಯ ಮೇಲೆ ನಾನು
ಅರುವತ್ತಮೂರು ವರ್ಷ ಜೋಪಾನ ಮಾಡಿದ ಕೊಬ್ಬೆಲ್ಲ ಕರಗಿ,
"ಕದ್ರಾ, ಇದು ಯಾವಾಗ ಹೋಗ್ತದೆ?"
"ಯಾವುದು?"
"ಸೂರ್ಯ."
ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.
ನಗಬಾರದೆಂದು ತುಟಿ ಕಚ್ಚಿಕೊಂಡದ್ದು ಕಂಡಿತು.
"ತಾಳು" ಎಂದಳು. "ಸೆಪ್ಟೆಂಬರ್ ಕಳೆಯಲಿ."

ಇಂಥ ಊರಿಗೆ ಏನು ಹೆಣೆಯಬೇಕೋ ತಿಳಿಯದೆ
ಮೊದಲ ಸಲ ಬರಿಗೈಲಿ ಬಂದಿದ್ದೆ.
ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ
ಅವಳ ಮಗಳು ಫಿಲ್ಸನ್ ಮೊಳೆಯಿಂದ ಏನನ್ನೋ ಎಳೆದು
ಎರಡೂ ಕೈಗೆ ತೊಟ್ಟುಕೊಂಡು
ಇದ್ದಿಲೊಲೆಯ ಮೇಲೆ ಕುದಿಯುವ ಪಾತ್ರೆಯನ್ನು
ಅನಾಯಾಸವಾಗಿ ಇಳಿಸಿದಳು.
ಕೆಂಪು ಎಂದು ಈಗ ಹೇಳುವಂತಿಲ್ಲ.
ಒಂದು ಹೆಬ್ಬೆರಳು ಸುಟ್ಟುಹೋಗಿ
ಬಲೆಯ ಹಸಿರು ದಾರದಲ್ಲಿ ತೇಪೆ ಬಿದ್ದಿದೆ.
ನಕ್ಷತ್ರಕ್ಕೆ ಉಳಿದದ್ದು ಐದೋ ಆರೋ ಎಸಳು.
"ಇದಿಲ್ಲದೆ ನಮ್ಮನೇಲಿ ಅನ್ನವೇ ಇಲ್ಲ" ಎಂದಳು ಕದ್ರಾ,
ಮರೆತಿದ್ದ ಬಾಕಿಯ ಲೆಕ್ಕ ಒಪ್ಪಿಸುವವಳ ಹಾಗೆ.

ರಾತ್ರಿ ಅಂಗಳದಲ್ಲಿ ಮಂಚ.
ಕಡಲಿಂದ ಉಪ್ಪಿನ ವಾಸನೆ, ಎಲ್ಲಿಯೋ ಮೇಕೆಯ ಕೆಮ್ಮು.
"ನಮ್ಮ ಮೇಜಿಗೆ ಈಗ ಯಾರು?"
ಪತ್ರದಲ್ಲಿ ಬರೆದಿರಲಿಲ್ಲ. ಫೋನಿನಲ್ಲೂ ಹೇಳಿರಲಿಲ್ಲ.
"ಕಾರ್ಖಾನೆ ಮುಚ್ಚಿ ಎರಡು ವರ್ಷವಾಯಿತು."
ತುಂಬ ಹೊತ್ತು ಸುಮ್ಮನಿದ್ದಳು.
ಆಮೇಲೆ, "ನನ್ನ ಚಾಕು?"
"ನನ್ನ ಅಡುಗೆಮನೆಯಲ್ಲಿದೆ."
ತರಬಹುದಿತ್ತು. ತರಲಿಲ್ಲ.
ಯಾಕೆಂದು ಅವಳೂ ಕೇಳಲಿಲ್ಲ.
ದುಪ್ಪಟಿಗೆ ಚಿಮುಕಿಸಿಕೊಳ್ಳಲೆಂದು ಇಟ್ಟ ನೀರಿನ ಡಬ್ಬಿಯನ್ನು
ಕಾಲಿನಿಂದ ನನ್ನತ್ತ ತಳ್ಳಿ
ಮಗ್ಗುಲಾದಳು.