ರಸಮಟ್ಟ

ಹಡಗಿಳಿದವರು ಮೊದಲು ಕೇಳುವುದು ಬ್ರಿಗ್ಗೆನ್.
ಕೆಂಪು, ಸಾಸಿವೆ ಹಳದಿ, ಮತ್ತೆ ಕೆಂಪು;
ಒಂದರ ಹೆಗಲಿಗೊಂದು ಒರಗಿದ ಮರದ ಮನೆಗಳು.
ಗಲ್ಲಕ್ಕೂ ಭುಜಕ್ಕೂ ನಡುವೆ ಕೊಡೆ ಸಿಕ್ಕಿಸಿ
ಫೋಟೋ ತೆಗೆಯುತ್ತಾರೆ.

ನಾವು ಅವರ ಕಾಲಡಿಗೆ,
ಎಯ್ಲಿಫ್ ಮತ್ತು ನಾನು,
ಇಳಿತದ ಹೊತ್ತಿನ ಕೆಸರಲ್ಲಿ, ಹಣೆಗೆ ದೀಪ ಕಟ್ಟಿಕೊಂಡು.
ಡಾಕ್ಟರು ಹೊಟ್ಟೆ ಒತ್ತಿ ನೋಡಿದ ಹಾಗೆ
ದಿಮ್ಮಿಗಳನ್ನು ಒತ್ತುತ್ತಾ ಹೋಗುತ್ತಾನೆ.
"ಇಲ್ಲಿ ನೋವಿದೆ, ತುರಿದ್."
ಕೊಳೆತದ್ದು ತೆಗೆದು ಹೊಸ ಪೈನ್ ಕೂರಿಸುತ್ತೇವೆ.
ಮೊಳೆ ಬೇಡ, ಕಚ್ಚು ಸಾಕು.

ಮೊದಲ ವಾರ ನಾನು ರಸಮಟ್ಟ ಹಿಡಿದು
ತೊಲೆ ಸಮ ಮಾಡಹೊರಟಿದ್ದೆ.
ಕಿತ್ತುಕೊಂಡ.
"ಮುನ್ನೂರು ವರ್ಷ ಪಕ್ಕದವಳನ್ನು ನಂಬಿ ವಾಲಿದ್ದಾಳೆ.
ಈಗ ನೆಟ್ಟಗೆ ನಿಲ್ಲಿಸಿದೆಯೋ,
ಇಬ್ಬರೂ ಬೀಳುತ್ತಾರೆ."

ಹಲಗೆಯ ಸಂದಿನಲ್ಲಿ ಬೂಟು, ಬೂಟು,
ಒಂದು ಕೈಗಾಡಿಯ ಚಕ್ರ.
ಯಾರೋ ಬಗ್ಗಿ ಕೇಳಿದರು:
ಈ ಊರಲ್ಲಿ ತಪ್ಪದೆ ನೋಡಬೇಕಾದ್ದೇನು?
ಎಯ್ಲಿಫ್ ಕೆಸರುಗೈ ಹೊರಚಾಚಿ
ಫ್ಲೋಯೆನ್ ಗುಡ್ಡ ಹತ್ತುವ ರೈಲು ತೋರಿಸಿದ,
ಮೀನುಪೇಟೆ ತೋರಿಸಿದ.
ಸೀಗಡಿ ದುಬಾರಿ, ಎಂದೂ ಹೇಳಿದ.

ಅವರು ಹೋದರು.
ಬೆಣೆಗೆ ಇನ್ನೊಂದು ಪೆಟ್ಟು.
ಎರಡು ಮಹಡಿ ಮೇಲೆ ಎಲ್ಲೋ
ಕಿಟಕಿಯೊಂದು ಕಿರ್ರೆಂದಿತು.
"ಕೇಳಿತಾ?"

ಕೇಳಿತು.
ಭರತದ ನೀರು ಆಗಲೇ
ನನ್ನ ಬೂಟಿನೊಳಗಿತ್ತು.