ಮೊಲದ ಗುರುತು

ಅಥಣಿ ಪ್ಯಾಟ್ಯಾಗ ಮೂರು ಮಜಲಿನ ಅಂಗಡಿ.
ಕೆಳಗ, ಗಾಜಿನ ಕೌಂಟರಿನ ಹಿಂದ ನಾನು.
ಎದಿಮ್ಯಾಲೆ ಪ್ಲಾಸ್ಟಿಕ್ ಪಟ್ಟಿ: ಕಸ್ತೂರಿ.
ಕುಂದರಾಕ ಸ್ಟೂಲು ಕೊಟ್ಟಿಲ್ಲ,
ಗಿರಾಕಿ ಇರಲಾರದಾಗೂ ನಿಂತಿರಬೇಕು.

ತ್ರಿಶಲಾ ಮಗದುಮ್ ಬಂದರು.
ರಿಟೈರಾದ ಗಣಿತದ ಬಾಯಾರು,
ಹೊತ್ತು ಮುಳುಗೂದರೊಳಗ ಉಂಡು ಮುಗಸೋರು.
ತಂಗಿ ಮಗಳ ಮದವಿಗೆ ಲಿಪ್‌ಸ್ಟಿಕ್ ಬೇಕಂತ.
ಚೀಲದಿಂದ ಭೂತಗನ್ನಡಿ ತಗದರು.

“ಈ ಮೊಲ ಯಾಕ ಜಿಗಿಯಾಕತ್ತೈತಿ?”
“ಅದರ ಮ್ಯಾಲ ಪರೀಕ್ಷಾ ಮಾಡಿಲ್ಲರಿ, ಅದಕ್ಕ.”
“ಮಾಡಿಲ್ಲಂತ ಯಾರಂದರು?”
“ಡಬ್ಬಿ.”
“ಡಬ್ಬಿ ತನ್ನ ಸಾಕ್ಷಿ ತಾನ ಹೇಳಿದರ ನಡೀತೈತೇನು?”

ಬೆಳಗಾವಿ ಹೋಟೆಲಿನ್ಯಾಗ ಎರಡು ದಿನ ಟ್ರೇನಿಂಗ್ ಆಗಿತ್ತು ನಂದು:
ನಗು, ಮೊಲ ತೋರಸು, ರೊಕ್ಕದ ಮಾತು ಆಮ್ಯಾಲ.
ಈ ಪ್ರಶ್ನಿ ಅದರಾಗ ಇರಲಿಲ್ಲ.

ಬಾಯಾರು ಡಬ್ಬಿ ತಿರುವಿ
ಇರಿವಿಯಂಥ ಅಕ್ಷರದೊಳಗ ಇಳದರು.
ಮೇಣ. ಜೇನಿಂದೋ, ಗಿಡದ್ದೋ?
ಲ್ಯಾನೋಲಿನ್. ಅದು ಕುರಿ ಉಣ್ಣಿಯ ಜಿಡ್ಡಂತ, ನನಗ ಗೊತ್ತಿರಲಿಲ್ಲ.
ಕಡೀಕ ಒಂದು ಅಂಕಿ:
ಏಳು ಐದು ನಾಕು ಏಳು ಸೊನ್ನಿ.
ಗಣಿತ ಕಲಿಸಿದವರಿಗೂ ಬಿಡಿಸಾಕ ಬರಲಿಲ್ಲ.

ಮೊಬೈಲಿನ್ಯಾಗ ಹುಡಕಿದೆ.
ಎಲ್ಲೋ ದೂರದ ದೇಶದಾಗ, ಪಾಪಸಕಳ್ಳಿಮ್ಯಾಲ
ಅಂಟಿಕೊಂಡು ಬದುಕೂ ಹುಳ.
ಕೆರದು, ಒಣಗಿಸಿ, ಅರದರ
ಮದವಿ ಹುಡಿಗಿ ತುಟಿಯ ಕೆಂಪು.

ಮೊಲ ಉಳಕೊಂಡೈತಿ, ಹುಳ ಉಳದಿಲ್ಲ.
ಎರಡೂ ಖರೇನ ಇರಬಹುದು
ಒಂದ ಡಬ್ಬಿಯೊಳಗ.

ಕಂಪನಿಗೆ ಫೋನ್ ಹಚ್ಚು ಅಂದರು. ಹಚ್ಚಿದೆ.
ಹನ್ನೊಂದು ನಿಮಿಷ ಬರೇ ಸಂಗೀತ.
“ನಾವು ಪ್ರಾಣಿಮ್ಯಾಲ ಪರೀಕ್ಷಾ ಮಾಡೂದಿಲ್ಲ ಮೇಡಂ.”
ನಿಮಗ ಬಣ್ಣ ಮಾರೋರು?
“ಅವರನ್ನ ಕೇಳಬೇಕಾಗತೈತಿ.”
ಹ್ವಾದ ವರ್ಷ ನಿಮ್ಮನ್ನ ಕೊಂಡ ದೊಡ್ಡ ಕಂಪನಿ?
ಮತ್ತ ಸಂಗೀತ.

ನಮ್ಮ ಓಣ್ಯಾಗ ಹಿಂಗಿಲ್ಲ.
ನಮ್ಮಪ್ಪ ಚಪ್ಪಲಿ ಹೊಲೀತಾನ, ತೊಗಲಿಗೆ ತೊಗಲಂತಾನ.
ಸುಣ್ಣದ ಬಾನಿ, ಜಾಲಿ ತೊಗಟಿ, ಅಳಲಿಕಾಯಿ,
ಓಣಿ ಬಾಯಾಗ ನಾತ ನಿಂತು ಹೇಳತೈತಿ
ಒಳಗ ಬರೋರಿಗೆ, ಮೂಗು ಮುಚ್ಚಿ ಹೋಗೋರಿಗೆ.
ಆ ತೊಗಲಿಗೆ ಯಾರೂ ಅಂಕಿಯ ಹೆಸರು ಇಟ್ಟಿಲ್ಲ.
ಹೆಸರು ಇಟ್ಟಿದ್ದು ನಮಗ.

ಬಾಯಾರ ಕಾಲು ನೋಡಿದೆ. ಕ್ಯಾನ್ವಾಸಿನ ಬೂಟು.
ಅಥಣ್ಯಾಗ ಹುಟ್ಟಿ ಅಥಣಿ ಚಪ್ಪಲಿ ಮೆಟ್ಟಲಾರದ ಕಾಲು.
ಸಿಟ್ಟು ಬರಬೇಕಿತ್ತು ನನಗ, ಬರಲಿಲ್ಲ.
ಎಲ್ಲಾರಿಗೂ ಒಂದ ಪ್ರಶ್ನಿ ಕೇಳತಾರ,
ಕಂಪನಿಗೂ, ತಮ್ಮ ಕಾಲಿಗೂ.

ನನ್ನ ಪಟ್ಟಿ ಓದಿ ನಕ್ಕರು.
“ಕಸ್ತೂರಿ! ಮೃಗದ ಹೊಕ್ಕಳದ್ದು ನೋಡವ್ವಾ.”
“ನಮ್ಮವ್ವ ಯಾರನ್ನೂ ಕೇಳದ ಇಟ್ಟಾಳ್ರಿ.”

“ಇರಲಿ, ಬಣ್ಣರೆ ಹೆಂಗ ಕಾಣತೈತಿ, ಹಚ್ಚಿ ತೋರಸು.”

ತೋಳು ಮ್ಯಾಲ ಸರಿಸಿದೆ.
ಮುಂಜಾನಿಂದ ಹದಿಮೂರು ಗೀರು ಆಗಿದ್ದುವು,
ಹದಿನಾಕನೇದಕ್ಕ ಜಾಗ ಹುಡಕಬೇಕಾತು.
ದೀಪಾವಳಿಯಿಂದ ಅಲ್ಲಿ ತುರಿ,
ಸಣ್ಣ ಸಣ್ಣ ಕೆಂಪು ಗುಳ್ಳಿ.
ಬಾಯಾರು ಭೂತಗನ್ನಡಿ ಡಬ್ಬಿಯಿಂದ ಎತ್ತಿ
ನನ್ನ ಮಣಿಕಟ್ಟಿನ ಮ್ಯಾಲ ಹಿಡದರು.
ಭಾಳ ಹೊತ್ತು ಓದಿದರು.
ಏನೂ ಅನಲಿಲ್ಲ, ಏನೂ ಕೊಳ್ಳಲಿಲ್ಲ.

ರಾತ್ರಿ ಅಪ್ಪ ಕೈ ಹಿಡಕೊಂಡು ದೀಪಕ್ಕ ತಂದ.
ಹೆಬ್ಬಟ್ಟಿನಿಂದ ಒತ್ತಿ, ಬಗ್ಗಿಸಿ, ಮೂಸಿ ನೋಡಿದ,
ಸಂತಿಯಿಂದ ತಂದ ತೊಗಲು ನೋಡಿದಂಗ.
“ಹದಾ ಕೆಟ್ಟೈತಿ,” ಅಂದ.
“ಒಂದೀಟು ನೆಳ್ಳಿನ್ಯಾಗ ಬಿಡಬೇಕು ಇದನ್ನ,
ನಾಕು ದಿನ ಯಾರೂ ಮುಟ್ಟಬಾರದು.”

ನಾಳೆ ಹೊಸಾ ಬಣ್ಣ ಬರತಾವ, ಒಂಬತ್ತು.
ಎಡಗೈ ಖಾಲಿ ಐತಿ.