ಗಾದಿ ಅಂಗಡಿಯಲ್ಲಿ ಹತ್ತು ತಂತಿ

ಸ್ಪೀಕರಿನ ಹರಿದ ಕೋನಿಗೆ ಅಂಟು ಹಚ್ಚುವವನು ನಾನು.
ಸಂಗೀತ ಗೊತ್ತಿಲ್ಲ. ಗೊತ್ತಿರುವುದು ಗೊರಗೊರ:
ಎಲ್ಲಿ ಸೀಳಿದೆ, ಎಲ್ಲಿ ಸುರುಳಿ ಸುಟ್ಟಿದೆ, ಅಷ್ಟೆ.
ಹಾಗಾಗಿ ಚೌಕಿಪೇಟೆಯ ಹಿಂದಿನ ಸಂದಿಯಿಂದ
ಹೊನ್ನೂರಸಾಬರು ಆಂಪ್ಲಿಫೈಯರ್ ಹೊತ್ತು ಬಂದು
'ಇದ್ರಾಗ ಒಂದು ಗುಂಯ್ ಐತೆ, ಅದನ್ನ ತೆಗೀಬೇಡ,
ಉಳಿದದ್ದು ರಿಪೇರಿ ಮಾಡು' ಅಂದಾಗ
ತಲೆ ಕೆರೆದುಕೊಂಡೆ.
ಇಪ್ಪತ್ತು ವರ್ಷದಲ್ಲಿ ಯಾರೂ ಗುಂಯ್ ಉಳಿಸು ಅಂದವರಲ್ಲ.

ಸಂಜೆ ಮುಟ್ಟಿಸಲು ಹೋದೆ.
ಗೋಡೆಗೆ ಒರಗಿದ ಅರಳೆ ಮೂಟೆಗಳು,
ತೊಲೆಗೆ ನೇತುಬಿದ್ದ ತಾತನ ಕಾಲದ ಹಿಂಜುವ ಬಿಲ್ಲು.
ಅದನ್ನು ಟಂಯ್ ಟಂಯ್ ಅನ್ನಿಸುತ್ತಾ ಆತ ಬೀದಿಗೆ ಬಂದರೆ
ಹೆಂಗಸರು ಹಳೇ ದಿಂಬು ಎತ್ತಿಕೊಂಡು ಬಾಗಿಲಿಗೆ ಬರುತ್ತಿದ್ದರಂತೆ.
ಅಂಗಡಿಯ ನಡುವೆ,
ಎಣ್ಣೆ ನೀರಿಗೆ ಅಜ್ಜಿಯ ಚಾಚಿದ ಕಾಲ ಮೇಲೆ ಮಲಗಿದ ಕೂಸಿನ ಹಾಗೆ
ಅಂಗಾತ ಮಲಗಿತ್ತು ಗಿಟಾರು.
ಹತ್ತು ತಂತಿ. ಕೆಳಗೆ ಮೂರು ಪೆಡಲು,
ಮುಚ್ಚಿದ ಮಿಲ್ಲಿನ ಗುಜರಿ ಹರಾಜಿನಲ್ಲಿ ಹಿಡಿದ ಕಬ್ಬಿಣ.
ಪೆಡಲಿಂದ ತಂತಿಗೆ ಎಳೆಯುವ ಸಲಾಕೆ ಸೈಕಲ್ಲಿನ ಕಡ್ಡಿ.
ಎಡಗೈಯ ಉಕ್ಕಿನ ತುಂಡು ಮಾತ್ರ,
ನೂಲು ಸುತ್ತಿ ಸುತ್ತಿ ನುಣುಪಾದ ಕದಿರು, ಕತ್ತರಿಸಿದ್ದು.

'ಮದುವೆ ಆರ್ಕೆಸ್ಟ್ರಾದಾಗ ಮೂವತ್ತು ವರ್ಷ
ಅವರಿವರ ಹಾಡು ನುಡಿಸ್ದೆ.
ಹಾಡು ಅಂದ್ರ ಗಂಟು ಕಟ್ಟಿದ ಹತ್ತಿ ನೋಡು.
ಈಗ ಹಿಂಜತೀನಿ. ಗಾಳಿ ತುಂಬತೀನಿ.'

ಬಲಪಾದದ ಅಡಿ ಇನ್ನೊಂದು ಪೆಡಲು.
ಅದನ್ನು ಮುಚ್ಚಿಟ್ಟು ಮೀಟಿದರು. ಏನೂ ಕೇಳಲಿಲ್ಲ.
ಆಮೇಲೆ ಮೆಲ್ಲಗೆ ಒತ್ತಿದರು.
ಮೀಟಿದ ಗಾಯವಿಲ್ಲದೆ, ಹುಟ್ಟಿದ ಗಳಿಗೆಯಿಲ್ಲದೆ
ಸ್ವರ ಮೊದಲೇ ಕೋಣೆಯಲ್ಲಿತ್ತು,
ನಾವೇ ತಡವಾಗಿ ಒಳಬಂದವರ ಹಾಗೆ.
ಇನ್ನೊಂದು ಪೆಡಲು. ಮೂರು ತಂತಿ ಇದ್ದಲ್ಲೇ ಇದ್ದವು,
ನಾಲ್ಕನೆಯದು ಮಾತ್ರ ಪಕ್ಕಕ್ಕೆ ಸರಿಯಿತು,
ಹರಿಹರದ ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಟ್ಟುಕೊಟ್ಟಷ್ಟೇ.
ಅಷ್ಟಕ್ಕೇ ಇಡೀ ಕೋಣೆಯ ಬಣ್ಣ ಬೇರೆ.
ತಾಳ ಹಾಕಲು ಎತ್ತಿದ ನನ್ನ ಬೆರಳು
ತೊಡೆಯ ಮೇಲೆ ಕಾದು ಕಾದು
ಯಾಕೆ ಎದ್ದೆ ಅನ್ನುವುದನ್ನೇ ಮರೆಯಿತು.

ಆಗ ಬಂದಳು ಹಾಲಮ್ಮ, ಮಂಡಕ್ಕಿ ಭಟ್ಟಿಯಿಂದ ನೇರ,
ಕೂದಲ ತುಂಬ ಹೊಟ್ಟಿನ ಬೂದಿ,
ದಿಂಬು ಬೇಕಿತ್ತು.
'ಇದು ಯಾವ ಪಿಕ್ಚರಿಂದು?'
'ಯಾವುದ್ರದ್ದೂ ಅಲ್ಲವ್ವ.'
'ಹಂಗಾರೆ ಮುಗಿಯೋದು ಯಾವಾಗ?'
ಸಾಬರು ಕೈ ನಿಲ್ಲಿಸಲಿಲ್ಲ.
'ಅಶೋಕ ಟಾಕೀಸ್ ಗೇಟು ಹಾಕಿದ್ರೆ ಏನು ಮಾಡ್ತಿ?'
'ನಿಲ್ತೀನಿ.'
'ಹಂಗೇ ನಿಲ್ಲು.'
ಅವಳು ನಿಲ್ಲಲಿಲ್ಲ. ಮೂಟೆಯ ಮೇಲೆ ಕೂತಳು,
ಕಾದ ಮರಳು ಕಂತಿಸಿದ ಅಂಗೈ ಮೇಲೆ ಮಾಡಿ,
ಒಂದು ಸ್ವರ ಇನ್ನೊಂದರೊಳಗೆ ಕರಗುವಷ್ಟರಲ್ಲಿ
ಬಾಯಿ ತೆರೆದು ನಿದ್ದೆ.
ಸಾಬರು ನನ್ನ ಕಡೆ ಹುಬ್ಬು ಹಾರಿಸಿದರು:
ಗಾದಿ ಹೊಲಿಯುವವನಿಗೆ ಇದಕ್ಕಿಂತ ಚಪ್ಪಾಳೆ ಉಂಟಾ?

ಅಷ್ಟರಲ್ಲಿ ಎಲ್ಲೋ ಗೊರಗೊರ.
ಕೋನು? ನಾನೇ ಅಂಟಿಸಿದ್ದು, ಅಲ್ಲ.
ತಂತಿ ಅಲ್ಲ, ಸಲಾಕೆ ಅಲ್ಲ, ಗೋಡೆಯ ಕ್ಯಾಲೆಂಡರೂ ಅಲ್ಲ.
ಕಿವಿ ಹಿಡಿದುಕೊಂಡು ಮೇಲಕ್ಕೆ ಹೋದೆ:
ತೊಲೆಯ ಬಿಲ್ಲು.
ಯಾರೂ ಮುಟ್ಟದ ನರ ತಾನಾಗಿ ನಡುಗುತ್ತಿದೆ,
ಎಷ್ಟೋ ವರ್ಷದ ಅರಳೆ ಧೂಳು
ಒಂದೊಂದೇ ಎಳೆ ಬಿಟ್ಟುಕೊಡುತ್ತಿದೆ ಗಾಳಿಗೆ.
ಕಸುಬಿನ ಅಭ್ಯಾಸ, ಹಿಡಿದು ನಿಲ್ಲಿಸಲು ಕೈ ಎತ್ತಿದ್ದೆ.
ಹಾಗೇ ಇಳಿಸಿದೆ.

ಎಷ್ಟು ಹೊತ್ತೋ. ಕರೆಂಟು ಹೋಗಿ ಎಲ್ಲ ನಿಂತಾಗ
ಧೂಳು ಮಾತ್ರ ಇನ್ನೂ ಇಳಿಯುತ್ತಿತ್ತು.
ಕತ್ತಲಲ್ಲಿ ಹಾಲಮ್ಮ ದಡಬಡಿಸಿ ಎದ್ದು ಕೇಳಿದಳು:
'ರೈಲು ಹೋತಾ?'